ಗಂಟೆ ಹೊಡೆದ ಮೇಲಿನ ಪಂಕ್ತಿ

ನಮ್ಮ ಬಿಲ್ಡಿಂಗಿನ ಕೆಳಗಿನ ಮನೆಯ ಸೊಸೆಗೆ ಗೋರೆಗಾಂವ್‌ನಲ್ಲಿ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಅಡಿಗೆ ಕೆಲಸ ಸಿಕ್ಕಿದೆ. ಮೊನ್ನೆ ಮೇಲೆ ಬಂದು, “ಅಜ್ಜಿ, ನೀವು ಅಷ್ಟು ವರ್ಷ ಅದೇ ಕೆಲಸ ಮಾಡಿದವರಲ್ಲ, ಹೇಗಿರುತ್ತದೆ ಹೇಳಿ” ಎಂದಳು. ನಾನು ಶುರುಮಾಡುವಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂತು, ಅವಳು ಬಿಂದಿಗೆ ಹಿಡಿದು ಓಡಿದಳು. ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಸೊಟ್ಟಗಿದ್ದರೆ ಸೊಟ್ಟಗೇ ಓದಿಕೊಳ್ಳಲಿ.

ನಾನು ಉಡುಪಿಯ ಕಡೆಯವಳು. ಗಂಡ ಇಲ್ಲಿ ಮುಂಬಯಿಯ ಮಾಟುಂಗದ ಒಂದು ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುತ್ತಿದ್ದರು. ಅಲ್ಲಿಯೇ ಹತ್ತಿರದಲ್ಲಿ ಕಾಲೇಜಿಗೆ ಹೋಗುವ ಹುಡುಗಿಯರ ಹಾಸ್ಟೆಲ್ ಇತ್ತು. ಅಡಿಗೆಗೆ ಗಂಡಸರು ಬೇಡ, ಹೆಂಗಸೇ ಬೇಕು ಎಂದು ಅವರು ಹುಡುಕುತ್ತಿದ್ದರು. ನಾನು ಹೋದೆ. “ಏನೇನು ಬರುತ್ತದೆ?” ಎಂದು ಕೇಳಿದರು. “ಹಸಿದವರು ಎದ್ದು ಹೋಗದ ಹಾಗೆ ಮಾಡಲು ಬರುತ್ತದೆ” ಎಂದೆ. ಇಟ್ಟುಕೊಂಡರು. ಇದು ಐವತ್ತರ ದಶಕದ ಮಾತು. ರೇಷನ್ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಕಾಲ, ಇದ್ದಲು ಉರಿಸುವ ಸಿಗಡಿ ಒಲೆಯ ಕಾಲ. ಗ್ಯಾಸು ಬಂದದ್ದು ಎಷ್ಟೋ ಆಮೇಲೆ. ಗ್ಯಾಸಿನ ಮೇಲೆ ಅಡಿಗೆ ಮಾಡುವವರು ‘ಸುಸ್ತು’ ಎನ್ನುವುದನ್ನು ಕೇಳಿದರೆ ನನಗೆ ನಗು ಬರುತ್ತದೆ, ಆದರೆ ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಮೊದಲ ತಿಂಗಳೇ ಎಡವಟ್ಟು ಮಾಡಿದೆ. ನನ್ನ ಲೆಕ್ಕದಲ್ಲಿ ಊಟ ಎಂದರೆ ಕುಚ್ಚಲಕ್ಕಿ ಅನ್ನ, ಬೆಲ್ಲ ಹಾಕಿದ ತೆಂಗಿನಕಾಯಿಯ ಹುಳಿ. ಹಾಸ್ಟೆಲ್ಲಿನಲ್ಲಿ ಧಾರವಾಡ, ಬೆಳಗಾವಿ, ವಿಜಾಪುರದ ಹುಡುಗಿಯರೂ ಇದ್ದರು. ಅವರು ನನ್ನ ಹುಳಿಯನ್ನು ಬಾಯಿಗಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಮೆಲ್ಲಗೆ, “ಅಕ್ಕಾರ, ಇದು ಸಾರೋ ಪಾಯಸೋ?” ಎಂದಳು. ನನಗೆ ಸಿಟ್ಟು ಬಂತು. “ತಿಂದು ನೋಡಿದರೆ ಗೊತ್ತಾಗುತ್ತದೆ ಮಾರಾಯ್ತಿ” ಎಂದೆ. “ತಿಂದೇ ಕೇಳಾಕತ್ತೀನ್ರಿ” ಎಂದಳು. ಇಡೀ ಪಂಕ್ತಿ ನಕ್ಕಿತು.

ಆ ಹುಡುಗಿಯ ಹೆಸರು ನೀಲಾ. ವಿಜಾಪುರದವಳು. ಅಪ್ಪನಿಗೆ ಊರಿನಲ್ಲಿ ಹತ್ತಿಯ ವ್ಯಾಪಾರ. ಇಲ್ಲಿ ಅವಳ ಜವಾಬ್ದಾರಿ ಹೊತ್ತವನು ಅವಳ ಕಾಕಾ, ಗೋರೆಗಾಂವ್‌ನಲ್ಲಿದ್ದ. ಮರುದಿನ ಅವಳೇ ಅಡಿಗೆಮನೆಗೆ ಬಂದು ಜೋಳದ ಹಿಟ್ಟು ನಾದಿ ರೊಟ್ಟಿ ಬಡಿದು ತೋರಿಸಿದಳು. ನನ್ನ ರೊಟ್ಟಿಗಳು ತಿಂಗಳುಗಟ್ಟಲೆ ಹರಿದವು. ಆಮೇಲೆ ಬಂದವು. ಅಷ್ಟರ ಮಟ್ಟಿಗೆ ನನಗೂ ಅವಳಿಗೂ ಸಲಿಗೆ ಬೆಳೆಯಿತು. ಹಾಗೆಂದು ಅವಳಿಗೆ ರೊಟ್ಟಿ ಹೆಚ್ಚು ಹಾಕುತ್ತಿದ್ದೆ ಎಂದು ತಿಳಿಯಬೇಡಿ.

ನನ್ನ ಮೇಲಿನವರೆಂದರೆ ವಾರ್ಡನ್ ಬಾಯಿ. ಮರಾಠಿಯವರು, ವಿಧವೆ, ಬಿಳಿ ಸೀರೆ, ಕೈಯಲ್ಲಿ ಸದಾ ಬೀಗದ ಗೊಂಚಲು. ಕೆಟ್ಟವರಲ್ಲ. ಆದರೆ ಅವರಿಗೆ ಗಂಟೆಯ ಹುಚ್ಚು. ಸಂಜೆ ದೀಪ ಹಚ್ಚಿದ ಕೂಡಲೇ ಊಟದ ಗಂಟೆ. ಗಂಟೆ ಹೊಡೆದು ಎಲ್ಲರೂ ಮಣೆಯ ಮೇಲೆ ಕೂತರೆ ಬಾಗಿಲು ಮುಚ್ಚಿತು. ಆಮೇಲೆ ಬಂದವಳು ಉಪವಾಸ. ನಾನು ಒಮ್ಮೆ, “ಲೋಕಲ್ ತಡವಾದರೆ ಹುಡುಗಿ ಏನು ಮಾಡಬೇಕು ಬಾಯಿ?” ಎಂದು ಕೇಳಿದ್ದಕ್ಕೆ, “ಗಿರಿಜಾಬಾಯಿ, ನಿಯಮ ಮ್ಹಣಜೇ ನಿಯಮ” ಎಂದರು. ಆಮೇಲೆ ನಾನು ಕೇಳಲಿಲ್ಲ.

ಆ ನಿಯಮಕ್ಕೆ ಹೊರತಾದದ್ದು ಒಂದೇ. ಊಟದ ಕೋಣೆಯ ಹಿಂಬದಿಯಲ್ಲಿ ಒಂದು ಮೂಲೆ ಇತ್ತು, ಅದಕ್ಕೆ ಹಿತ್ತಲ ಕಡೆಯಿಂದ ಬೇರೆ ಬಾಗಿಲು. ತಿಂಗಳ ಮೂರು ದಿನ ದೂರ ಕೂರುವ ಹುಡುಗಿಯರಿಗೆ ಅಲ್ಲಿ ಬೇರೆ ಮಣೆ, ಬೇರೆ ತಟ್ಟೆ, ಬೇರೆ ಲೋಟ. ಉಳಿದವರ ಪಂಕ್ತಿ ಎದ್ದು ಹೋದ ಮೇಲೆ ಅವರಿಗೆ ಬಡಿಸುವುದು. ನಾನು ಮೇಲಿನಿಂದ ತಟ್ಟೆಗೆ ಹಾಕುತ್ತಿದ್ದೆ, ಸೌಟು ತಾಗಿಸುತ್ತಿರಲಿಲ್ಲ. ನಮ್ಮ ಊರಿನಲ್ಲಿ ಹಾಗೆಯೇ, ಬಾಯಿಯ ಮನೆಯಲ್ಲೂ ಹಾಗೆಯೇ. ಲೋಕದಲ್ಲೆಲ್ಲ ಹಾಗೆಯೇ ಎಂದು ನಾನು ತಿಳಿದಿದ್ದೆ. ನೀಲಾ ಆ ಮೂಲೆಯಲ್ಲಿ ಒಮ್ಮೆಯೂ ಕೂತದ್ದು ನಾನು ನೋಡಿರಲಿಲ್ಲ. ನಾಚಿಕೆಗೆ ಆ ದಿನ ಊಟಕ್ಕೇ ಬರುವುದಿಲ್ಲವೇನೋ ಎಂದುಕೊಂಡಿದ್ದೆ. ಕೇಳುವ ವಿಷಯವಲ್ಲ, ಕೇಳಲಿಲ್ಲ.

ಈ ಕೆಲಸಕ್ಕೆ ಸೇರುವವರಿಗೆ ಯಾರೂ ಹೇಳದ ಸಂಗತಿ ಇನ್ನೊಂದಿದೆ. ಹೆಣ್ಣು ಕೇಳಲು ಬರುವವರು ವಾರ್ಡನ್ ಹತ್ತಿರ ಹೋಗುವುದಿಲ್ಲ, ಅಡಿಗೆಯವಳ ಹತ್ತಿರ ಬರುತ್ತಾರೆ. ಹುಡುಗನ ಅಮ್ಮ, ಅತ್ತೆ, ದೊಡ್ಡಮ್ಮ, ಯಾರೋ ಒಬ್ಬರು ಹಿತ್ತಲ ಬಾಗಿಲಿನಲ್ಲಿ ಇಣುಕಿ, “ಸ್ವಲ್ಪ ನೀರು ಕೊಡಿ ಅಕ್ಕ” ಎನ್ನುತ್ತಾರೆ. ನೀರು ಕುಡಿಯುತ್ತ, “ಆ ಹುಡುಗಿ ತಟ್ಟೆಯಲ್ಲಿ ಬಿಡುತ್ತಾಳಾ? ಬೇಗ ಏಳುತ್ತಾಳಾ? ಎದುರು ಮಾತಾಡುತ್ತಾಳಾ?” ಎಂದು ಶುರು. ನಾನು ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೆ. ತಟ್ಟೆಯಲ್ಲಿ ಬಿಡುವವಳನ್ನು ಬಿಡುತ್ತಾಳೆ ಎಂದೇ ಹೇಳಿದ್ದೇನೆ. ಆದರೆ ಹೇಳದೆ ಕೇಳದೆ ಬಂದು ಹುಡುಗಿಯನ್ನು ಕರೆಯಿರಿ ಎಂದರೆ, ಹುಡುಗಿ ಮ್ಯಾಟಿನಿಗೋ ಗೆಳತಿಯ ಮನೆಗೋ ಹೋಗಿದ್ದರೆ, ಎಲ್ಲ ಹಾಸ್ಟೆಲ್ಲುಗಳ ಅಡಿಗೆಯವರೂ ಹೇಳುವ ಒಂದು ಮಾತು ಇತ್ತು: “ದೂರ ಕೂತಿದ್ದಾಳೆ.” ಅಷ್ಟಕ್ಕೇ ಬಂದವರು ಸೆರಗು ಸರಿಮಾಡಿಕೊಂಡು, ಜಗಲಿಯಲ್ಲೇ ಕಾಫಿ ಕುಡಿದು ಹೊರಟುಹೋಗುತ್ತಿದ್ದರು. ನಮ್ಮ ಕಡೆಯವರ ಮುಂದೆ ಈ ಮಾತು ಒಮ್ಮೆಯೂ ಸೋತಿರಲಿಲ್ಲ.

ಈಗ ನೀಲಾಳ ವಿಷಯ.

ಅವಳು ಬಿ.ಎ. ಓದುತ್ತಿದ್ದಳು, ಗಣಿತ. ಆ ವರ್ಷ ಕಾಲೇಜು ತೆರೆದ ಮೇಲೆ ಒಂದು ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಿದ್ದಾಗ ಎದುರಿಗೆ ಬಂದು ಕೂತಳು. ಮೊರಕ್ಕೆ ಕೈ ಹಾಕಿ ಕಲ್ಲು ಆರಿಸುವ ಬದಲು ಅಕ್ಕಿ ಆರಿಸಿ ಎಸೆಯುತ್ತಿದ್ದಳು.

“ಏನಾಯಿತು?” ಎಂದೆ.

“ಸರ್ ಆನರ್ಸ್ ತಗೋ ಅಂತಾರ್ರಿ ಅಕ್ಕಾರ.”

“ಹಾಗೆಂದರೆ?”

“ಪಾಸ್ ಕೋರ್ಸ್‌ಕಿಂತ ಜಾಸ್ತಿ ಪೇಪರು. ಪಾಠ ಇಲ್ಲಷ್ಟೇ ಅಲ್ರಿ, ದೂರ ಫೋರ್ಟ್‌ದಾಗಿನ ಕಾಲೇಜಿನ್ಯಾಗೂ ಇರ್ತಾವ, ಸಂಜೀಕ. ಬ್ಯಾರೆ ಬ್ಯಾರೆ ಕಾಲೇಜಿನವರು ಕೂಡಿ ಕುಂದರ್ತಾರ. ಗಣಿತಕ್ಕ ಹುಡುಗೀರು ಯಾರೂ ಇಲ್ಲ, ನಾ ಒಬ್ಬಾಕಿನ. ಕಷ್ಟ ಐತ್ರಿ. ಅದರಾಗ ಬಿದ್ದರ ಮರ್ಯಾದಿ ಹೋಗ್ತದ.”

“ನಿನಗೆ ಬರುತ್ತದಾ ಆ ಲೆಕ್ಕ?”

“ಬರ್ತಾವ್ರಿ.” ಇದನ್ನು ಹೇಳುವಾಗ ಅವಳು ಯೋಚಿಸಲಿಲ್ಲ. “ಆದ್ರ ಕಾಕಾ ಮದುವೀ ಮಾತು ತಂದಾರ. ಮಲಾಡದಾಗ ಬಟ್ಟೆ ಅಂಗಡಿ, ಒಬ್ಬನೇ ಮಗ. ಪಾಸ್ ಕೋರ್ಸ್ ಆದ್ರ ಈ ವರ್ಷ ಮದುವಿ ಮಾಡ್ಕೊಂಡು ಅಲ್ಲಿಂದನ ಕಾಲೇಜಿಗೆ ಬಂದು ಹೋಗು ಅಂತಾರ. ಆನರ್ಸ್ ಅಂದ್ರ ಅದೂ ಆಗೂದಿಲ್ಲ. ನೀವು ಏನಂತೀರಿ?”

ನನ್ನನ್ನು ಯಾಕೆ ಕೇಳಿದಳೋ. ನಾನು ಅವಳ ಕೈಯಿಂದ ಮೊರ ಎಳೆದುಕೊಂಡು, “ನಾನು ಎಂತ ಹೇಳುವುದು? ಫೋರ್ಟಿನಿಂದ ಬರುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ಊಟ ಸಿಗುವುದಿಲ್ಲ. ಅದನ್ನು ಯೋಚಿಸು” ಎಂದೆ.

ಅವಳು ಎದ್ದು ಹೋದಳು. ಕೆಲವು ದಿನ ಪಾಠಕ್ಕೆ ಕೂತು ನೋಡು, ಆಮೇಲೆ ಹೇಳು ಎಂದು ಮೇಷ್ಟ್ರು ಅವಳಿಗೆ ಅವಕಾಶ ಕೊಟ್ಟಿದ್ದರಂತೆ. ಕಾಕಾನಿಗೆ ಹೇಳದೆ ಫೋರ್ಟಿಗೆ ಹೋಗತೊಡಗಿದಳು. ಸಂಜೆ ಅವಳ ಮಣೆ ಖಾಲಿ. ವಾರ್ಡನ್ ಬಾಯಿ ಅದನ್ನು ನೋಡಿ ಬಾಗಿಲು ಮುಚ್ಚುತ್ತಿದ್ದರು. ಬೆಳಿಗ್ಗೆ ಅವಳು ಅವಲಕ್ಕಿಯನ್ನು ಬಾಚಿ ಬಾಚಿ ತಿನ್ನುವುದು ನೋಡಿ ನನಗೆ ಗೊತ್ತಾಗುತ್ತಿತ್ತು. “ತೀರ್ಮಾನ ಮಾಡಿದೆಯಾ?” ಎಂದರೆ, “ಇಲ್ರಿ” ಎನ್ನುತ್ತಿದ್ದಳು. “ತೀರ್ಮಾನ ಮಾಡದೆಯೇ ಉಪವಾಸ ಬೀಳುವ ದಡ್ಡಿಯನ್ನು ನಾನು ನೋಡಿರಲಿಲ್ಲ” ಎಂದೆ. ಬೈದದ್ದು ಅವಳಿಗೆ ತಾಗಲಿಲ್ಲ. ಇನ್ನೊಂದು ಸಲ ಅವಲಕ್ಕಿ ಕೇಳಿದಳು.

ಹೀಗಿರುವಾಗ ಒಂದು ಸಂಜೆ, ಗಂಟೆಗೆ ಇನ್ನೂ ಹೊತ್ತಿತ್ತು, ಹಿತ್ತಲ ಬಾಗಿಲಿನಲ್ಲಿ ಒಬ್ಬ ಹೆಂಗಸು ನಿಂತಳು. ದೊಡ್ಡ ಕುಂಕುಮದ ಜಾಗದಲ್ಲಿ ವಿಭೂತಿ, ಇಳಕಲ್ ಸೀರೆ, ಎತ್ತರದ ಆಳು. “ನೀರು ಕೊಡಿ” ಎನ್ನಲಿಲ್ಲ. “ನಾ ಮಲಾಡದಿಂದ ಬಂದೀನಿ. ವಿಜಾಪುರದ ನೀಲಾ ಅಂತ ಹುಡುಗಿ ಅದಾಳಲ್ಲ, ಆಕೀನ ನನ್ನ ಮಗಗ ಕೇಳೀವಿ. ಗಂಡಸರು ಮಾತಾಡ್ಯಾರ. ನಾ ಕಣ್ಣಿಲೆ ನೋಡಬೇಕು. ಕರೀರಿ” ಎಂದಳು.

ನೀಲಾ ಫೋರ್ಟಿನಲ್ಲಿದ್ದಳು. ಕಾಕಾನಿಗೇ ಗೊತ್ತಿಲ್ಲದ ವಿಷಯವನ್ನು ಈ ಹೆಂಗಸಿಗೆ ನಾನು ಹೇಗೆ ಹೇಳಲಿ? ಸೌಟು ಕೈಯಲ್ಲಿ ಹಿಡಿದುಕೊಂಡೇ ನನ್ನ ಹಳೆಯ ಮಾತನ್ನು ಹೇಳಿಬಿಟ್ಟೆ.

“ಅವಳು ದೂರ ಕೂತಿದ್ದಾಳೆ ಅಮ್ಮ. ಮೂರು ದಿನ ಕಳೆದು ಬನ್ನಿ.”

ಆಕೆ ಹಿಂದೆ ಸರಿಯಲಿಲ್ಲ. ಚಪ್ಪಲಿ ಬಿಟ್ಟು ಒಳಗೇ ಬಂದಳು. “ದೂರ ಅಂದ್ರ? ಮುಟ್ಟಾಗ್ಯಾಳೇನು? ಆಗಲಿ ಬಿಡ್ರಿ, ಅದಕ್ಕೇನಾತು? ನಾವು ಲಿಂಗವಂತರು ತಂಗಿ, ನಮ್ಮೊಳಗ ಅದೆಲ್ಲಾ ನಡಿಯಂಗಿಲ್ಲ. ಮೈ ತೊಳಕೊಂಡು ಪೂಜಾನೂ ಮಾಡ್ತೀವಿ, ರೊಟ್ಟೀನೂ ಬಡೀತೀವಿ. ಎಲ್ಲಿ ಕುಂದರಿಸೀರಿ ಆಕೀನ? ತೋರಸ್ರಿ, ನಾನ ಹೋಗಿ ಮಾತಾಡಸ್ತೀನಿ.” ನೇರ ಹಿಂಬದಿಯ ಮೂಲೆಗೆ ನಡೆದಳು. ಅಲ್ಲಿ ನಮ್ಮ ಕುಂದಾಪುರದ ಹುಡುಗಿಯೊಬ್ಬಳು ಪುಸ್ತಕ ಹಿಡಿದು ಕೂತಿದ್ದಳು. ಅಪರಿಚಿತ ಹೆಂಗಸು ಬಂದು ಗಲ್ಲ ಹಿಡಿದು ಮುಖ ಎತ್ತಿದ ಕೂಡಲೇ ಆ ಹುಡುಗಿ, “ಅಯ್ಯೋ, ಮುಟ್ಟಬೇಡಿ, ಮುಟ್ಟಬೇಡಿ!” ಎಂದು ಗೋಡೆಗೆ ಅಂಟಿಕೊಂಡಳು.

“ಈಕಿ ನೀಲಾ ಏನು?”

“ಅಲ್ಲ” ಎಂದೆ.

“ಮತ್ತ ನೀಲಾ ಎಲ್ಲಿ?”

ನನಗೆ ಆಗ ತಲೆಗೆ ಹೊಳೆದದ್ದು ಸುಳ್ಳು ಸಿಕ್ಕಿಬಿದ್ದ ವಿಷಯವಲ್ಲ. ನೀಲಾ ಆ ಮೂಲೆಯಲ್ಲಿ ಯಾಕೆ ಎಂದೂ ಕೂರಲಿಲ್ಲ ಎಂಬುದು. ಅವಳು ಎಲ್ಲ ದಿನವೂ ದೊಡ್ಡ ಪಂಕ್ತಿಯಲ್ಲೇ ಕೂತು ಉಂಡಿದ್ದಾಳೆ. ನನ್ನ ಸಿಗಡಿಯ ಮುಂದೆ ಕೂತು ರೊಟ್ಟಿ ಬಡಿದಿದ್ದಾಳೆ. ನನ್ನ ಅನ್ನ ಹಳಸಲಿಲ್ಲ, ಹಾಲು ಒಡೆಯಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ನಾನು ಮಾತ್ರ ಸೌಟು ತಾಗೀತು ಎಂದು ಮೇಲಿನಿಂದ ಸಾರು ಸುರಿದು ಸುರಿದು ಹುಡುಗಿಯರ ಸೀರೆ ಹಾಳುಮಾಡಿದ್ದೆ.

“ಕೂತುಕೊಳ್ಳಿ” ಎಂದೆ. “ಅವಳು ಆನರ್ಸ್ ಪಾಠಕ್ಕೆ ಫೋರ್ಟಿಗೆ ಹೋಗಿದ್ದಾಳೆ.”

“ಆನರ್ಸ್ ಅಂದ್ರ ಏನು?”

“ನನಗೆ ಗೊತ್ತಿರುವುದು ಇಷ್ಟೇ. ಕೋರ್ಸು ಮುಗಿಯುವ ತನಕ ಗಂಟೆ ಹೊಡೆದ ಮೇಲೆ ಊಟಕ್ಕೆ ಬರುವುದು.”

ಆಕೆ ನಕ್ಕಳು. ಹೋಗಲಿಲ್ಲ. ಮಣೆ ಎಳೆದುಕೊಂಡು ಕೂತು ನಾನು ಹೆಚ್ಚುತ್ತಿದ್ದ ಬದನೆಕಾಯಿಯನ್ನು ಕೈಗೆತ್ತಿಕೊಂಡು ತಾನೂ ಹೆಚ್ಚಿದಳು. ಗಂಟೆ ಹೊಡೆಯಿತು, ಪಂಕ್ತಿ ಕೂತಿತು, ಎದ್ದಿತು. ಆಮೇಲೆ ನೀಲಾ ಹಿತ್ತಲಿನಿಂದ ಬಂದಳು. ಬೋರಿಬಂದರ್ ಸ್ಟೇಷನ್ನಿನಿಂದ ಲೋಕಲ್ ರೈಲಿನಲ್ಲಿ ನಿಂತೇ ಬಂದಿದ್ದಳು, ಸೀರೆಯ ನಿರಿಗೆ ಮುದುಡಿತ್ತು, ತೋಳಿನ ಮೇಲೆ ಸುಣ್ಣದಕಡ್ಡಿಯ ಬಿಳಿ. ನೀರು ಕುಡಿದು ಮಲಗೋಣ ಎಂದು ಬಂದವಳು, ಒಳಗೆ ಕೂತ ಹೆಂಗಸನ್ನು ಕಂಡು ಬಾಗಿಲಲ್ಲೇ ನಿಂತಳು.

“ಬಾ ಯವ್ವಾ. ನಾ ಮಲಾಡದಾಕಿ” ಎಂದಳು ಆಕೆ. “ತೋಳಿಗೆ ಏನು ಹಚ್ಚಿಕೊಂಡಿ?”

“ಬೋರ್ಡಿಗೆ ಲೆಕ್ಕ ಬರದಿದ್ನಿರಿ.”

“ಎಲ್ಲಾ ಗಂಡಸರ ಮುಂದ?”

“ಹೌದ್ರಿ. ಅವರಿಗೆ ಬಂದಿರಲಿಲ್ಲ.”

ಆಕೆ ಮಣೆಯನ್ನು ಅವಳ ಕಡೆ ತಿರುಗಿಸಿಕೊಂಡಳು. ಆಮೇಲೆ ಹೇಳಿದಳು: “ನೋಡವ್ವಾ, ನಾ ಸುತ್ತಿ ಬಳಸಿ ಮಾತಾಡಾಕಿ ಅಲ್ಲ. ನೀ ನನ್ನ ಮನಸ್ಸಿಗೆ ಬಂದಿ. ಆದ್ರ ನನ್ನ ಮಗನ ಮದುವಿ ಈ ವರ್ಷನ ಆಗಬೇಕು. ಮನ್ಯಾಗ ನಾ ಒಬ್ಬಾಕಿನ, ಅಂಗಡಿ ಆಳುಗಳ ಊಟ ನಾನ ನೋಡಬೇಕು, ನನಗ ಜೊತಿಗೊಬ್ಬಾಕಿ ಬೇಕು. ದಿನಾ ಕತ್ತಲಾದ ಮ್ಯಾಲೆ ಮನೀಗೆ ಬರಾಕಿ ನನಗ ಆಗೂದಿಲ್ಲ. ಇದನ್ನ ಬಿಡ್ತೀಯೋ, ಮಾಡ್ತೀಯೋ?”

ನೀಲಾ ನನ್ನ ಕಡೆ ನೋಡಿದಳು. ‘ಹಿರಿಯರು ಹೇಳಿದಂಗ’ ಎನ್ನುವ ಮಾತು ಅವಳ ಗಂಟಲಿಗೆ ಬಂದಿತ್ತು, ನನಗೆ ಕಾಣುತ್ತಿತ್ತು. ಅದು ಹೊರಗೆ ಬಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಆಮೇಲೆ ಕಾಕಾನೇ ಎಲ್ಲ ತೀರ್ಮಾನ ಮಾಡುತ್ತಿದ್ದ. ನಾನು ಪಾತ್ರೆ ತಿಕ್ಕಲು ತಿರುಗಿ ಕೂತೆ. “ನನ್ನನ್ನು ಯಾಕೆ ನೋಡುತ್ತೀ? ಮದುವೆ ನನಗಲ್ಲ” ಎಂದೆ.

ತಿಕ್ಕಿದ ಮೊದಲ ಪಾತ್ರೆಯನ್ನು ಬೋರಲು ಹಾಕಿದೆ. ಬೆನ್ನ ಹಿಂದೆ ನೀಲಾಳ ದನಿ ಕೇಳಿತು.

“ಮಾಡ್ತೀನ್ರಿ. ಬಿಡಂಗಿಲ್ಲ. ನಿಮಗ ಕಾಯಾಕ ಆಗೂದಿಲ್ಲಂದ್ರ ಬ್ಯಾಡ್ರಿ.”

“ಕಾಯಾಕ ಆಗೂದಿಲ್ಲವ್ವಾ” ಎಂದಳು ಆಕೆ. ಸಿಟ್ಟಿಲ್ಲ, ಕೊಂಕಿಲ್ಲ. “ಖರೆ ಹೇಳಿದಿ, ಚಲೋ ಆತು. ನಾ ಕಾಕಾನ ಮುಂದ ಹೇಳ್ತೀನಿ, ನಮಗ ಹೊಂದಲಿಲ್ಲ ಅಂತ. ನಿನ್ನ ಮ್ಯಾಲೆ ಹಾಕೂದಿಲ್ಲ.” ಎದ್ದು ನಿಂತು ನನ್ನ ಕಡೆ ತಿರುಗಿದಳು. “ತಂಗಿ, ಹುಡುಗಿ ಹಸದಾಳ. ಊಟಕ್ಕ ಹಾಕು.”

“ಗಂಟೆ ಆಗಿದೆ” ಎಂದೆ.

“ಅದೇನು ನಿಮ್ಮ ಗಂಟಿ, ನಿಮ್ಮ ಮೂಲಿ!” ಎಂದು ಚಪ್ಪಲಿ ಮೆಟ್ಟಿ ಸ್ಟೇಷನ್ ಕಡೆ ಹೋದಳು. ಆಕೆಯನ್ನು ಮತ್ತೆ ನಾನು ನೋಡಲಿಲ್ಲ. ಒಳ್ಳೆಯ ಅತ್ತೆಯಾಗುತ್ತಿದ್ದಳು, ಅದನ್ನೂ ಹೇಳಬೇಕು. ನೀಲಾ ಬಿಟ್ಟದ್ದು ಕೆಟ್ಟ ಸಂಬಂಧವನ್ನಲ್ಲ. ಇಂಥ ವಿಷಯ ಬರೆಯುವವರು ಬಿಟ್ಟ ಸಂಬಂಧವನ್ನು ಕೆಟ್ಟದ್ದೆಂದೇ ಬರೆಯುತ್ತಾರೆ.

ನೀಲಾ ನಿಂತೇ ಇದ್ದಳು. ಒಲೆಯ ಮೇಲೆ ಮೂಲೆಯ ಹುಡುಗಿಯರ ಪಾಲಿನ ಅನ್ನ ಬಿಸಿಯಾಗಿಯೇ ಇತ್ತು, ಅವರಿಗೆ ಬಡಿಸುವುದು ಇನ್ನೂ ಬಾಕಿ. ಆಗ ನನಗೆ ಹೊಳೆಯಿತು. ಗಂಟೆ ಹೊಡೆದ ಮೇಲೆ ಈ ಹಾಸ್ಟೆಲ್ಲಿನಲ್ಲಿ ಊಟ ಇಲ್ಲ ಎಂದು ಯಾರು ಹೇಳಿದರು? ದಿನವೂ ಇದೆ. ನಾನೇ ಬಡಿಸುತ್ತೇನೆ.

“ಹೋಗಿ ಅಲ್ಲಿ ಕೂತುಕೋ” ಎಂದು ಮೂಲೆ ತೋರಿಸಿದೆ.

“ನಾ ದೂರ ಇಲ್ಲಲ್ರಿ” ಎಂದಳು.

“ನನಗೆ ಗೊತ್ತು. ನೀನು ಎಂದೂ ಇರಲಿಲ್ಲ. ಕೂತುಕೋ.”

ಕೂತಳು. ಕುಂದಾಪುರದ ಹುಡುಗಿ ಮಣೆ ಹಿಂದೆ ಸರಿಸಿದಳು. ನೀಲಾ ತನ್ನ ಮಣೆಯನ್ನು ಅವಳ ಪಕ್ಕಕ್ಕೇ, ಮೊಣಕೈ ತಾಗುವ ಹಾಗೆ ಎಳೆದುಕೊಂಡಳು. “ಮುಟ್ಟಿದ್ದಾತು, ಇನ್ನೇನು ಮಾಡ್ತಿ? ಊಟ ಮಾಡು” ಎಂದಳು.

ಮರುದಿನವೂ ಅಲ್ಲಿಯೇ. ಅದರ ಮರುದಿನವೂ. ವಾರ್ಡನ್ ಬಾಯಿ ಕೆಲವು ದಿನ ಬಿಟ್ಟು ಗಮನಿಸಿದರು. ಬೀಗದ ಗೊಂಚಲು ಹಿಡಿದು ಬಂದು, “ಗಿರಿಜಾಬಾಯಿ, ಈ ಹುಡುಗಿಗೆ ಡಾಕ್ಟರನ್ನು ತೋರಿಸಬೇಕಾ? ದಿನಾ ಮೂಲೆಯಲ್ಲೇ ಇರುತ್ತಾಳೆ” ಎಂದರು.

“ಆರೋಗ್ಯವಾಗಿದ್ದಾಳೆ ಬಾಯಿ. ಆನರ್ಸ್ ಮಾಡುತ್ತಿದ್ದಾಳೆ. ಅಲ್ಲಿಂದ ಬರುವಾಗ ಗಂಟೆ ಆಗಿರುತ್ತದೆ.”

“ಮೂಲೆ ಅದಕ್ಕಲ್ಲ.”

“ಗಂಟೆ ಹೊಡೆದ ಮೇಲೆ ಮೂಲೆಯವರಿಗೆ ಊಟ ಉಂಟು ಎಂಬುದು ನಿಮ್ಮದೇ ನಿಯಮ. ಅವಳು ಮೂಲೆಯಲ್ಲಿ ಕೂತಿದ್ದಾಳೆ. ನಾನು ಬಡಿಸುತ್ತೇನೆ. ಬೇಡವಾದರೆ ಬೇರೆ ಅಡಿಗೆಯವಳನ್ನು ನೋಡಿಕೊಳ್ಳಿ, ನಾಳೆಯಿಂದ ನಾನು ಬರುವುದಿಲ್ಲ.”

“ಬೆದರಿಸುತ್ತೀಯಾ?”

“ಇಲ್ಲ. ಹೇಳುತ್ತಿದ್ದೇನೆ.”

ಬಾಯಿ ಮೂಲೆಯ ಕಡೆ ನೋಡಿದರು. ನೀಲಾ ಅನ್ನದ ತಟ್ಟೆಯ ಪಕ್ಕದಲ್ಲಿ ಪುಸ್ತಕ ಬಿಚ್ಚಿಟ್ಟುಕೊಂಡು, ಎಡಗೈಯಿಂದ ನೆಲದ ಮೇಲೆ ನೀರಿನಲ್ಲಿ ಏನೋ ಲೆಕ್ಕ ಬರೆಯುತ್ತಿದ್ದಳು. ಅದು ಒಣಗುವುದರೊಳಗೆ ಇನ್ನೊಂದು ಬರೆಯುತ್ತಿದ್ದಳು. “ತಟ್ಟೆಯ ಹತ್ತಿರ ಪುಸ್ತಕ ಇಡಬಾರದು” ಎಂದರು ಬಾಯಿ. ಅಷ್ಟು ಹೇಳಿ ಹೋದರು. ಅದು ಅವರ ಒಪ್ಪಿಗೆ. ಮೇಲಿನವರ ಒಪ್ಪಿಗೆ ಹೆಚ್ಚಾಗಿ ಹೀಗೆಯೇ ಬರುತ್ತದೆ, ಹೊಸಬರು ಗುರುತು ಹಿಡಿಯಲು ಕಲಿಯಬೇಕು.

ಆನರ್ಸ್ ವಿಷಯ ತಿಳಿದು ಕಾಕಾ ಬಂದು ಜಗಲಿಯಲ್ಲಿ ಕೂಗಾಡಿದ. ಇನ್ನು ನನ್ನ ಮನೆಗೆ ಬರಬೇಡ ಎಂದ. ನೀಲಾ ಬಾಗಿಲಿಗೆ ಆನಿಕೊಂಡು ಪೂರ್ತಿ ಕೇಳಿ, “ಆತ್ರಿ ಕಾಕಾ” ಎಂದಳು. ಗಣಪತಿ ಹಬ್ಬಕ್ಕೆ ಹೋಗಲಿಲ್ಲ, ದೀಪಾವಳಿಗೆ ಹೋಗಲಿಲ್ಲ. ಹಾಸ್ಟೆಲ್ ಖಾಲಿಯಾದಾಗಲೂ ಉಳಿದಳು. ಅವಳೊಬ್ಬಳಿಗಾಗಿ ನಾನು ಒಲೆ ಹಚ್ಚಿದೆ. ಸಿಹಿ ಮಾಡಲಿಲ್ಲ, ರೊಟ್ಟಿ ಮಾಡಿದೆ.

ಮೂಲೆಯ ಕೆಲಸ ಮಾತ್ರ ಕೆಟ್ಟಿತು. ನೀಲಾ ಸಂಜೆ ಅಲ್ಲಿ ಎಲ್ಲರನ್ನೂ ತಾಗಿಕೊಂಡು ಉಂಡು, ಬೆಳಿಗ್ಗೆ ದೊಡ್ಡ ಪಂಕ್ತಿಯಲ್ಲಿ ಎಲ್ಲರನ್ನೂ ತಾಗಿಕೊಂಡು ಕೂರುತ್ತಿದ್ದಳು. ಆಮೇಲೆ ಯಾರು ಯಾವುದರಲ್ಲಿ ಕೂತರೂ ಒಂದೇ. ಲೈಬ್ರರಿಯಿಂದ ತಡವಾಗಿ ಬಂದವರೂ ಅಲ್ಲಿ ಕೂರತೊಡಗಿದರು. ಬೇರೆ ತಟ್ಟೆಗಳು ಬೆರೆತುಹೋದವು. ನಾನು ಸೌಟನ್ನು ತಟ್ಟೆಗೆ ತಾಗಿಸಿಯೇ ಬಡಿಸತೊಡಗಿದೆ. ಯಾರೂ ಸಭೆ ಮಾಡಲಿಲ್ಲ. ಹುಡುಗಿಯರು ಅದನ್ನು ಆನರ್ಸ್ ಪಂಕ್ತಿ ಎಂದು ಕರೆದರು, ನಾನೂ ಹಾಗೆಯೇ ಕರೆದೆ.

ನೀಲಾಗೆ ಆನರ್ಸ್ ಬಂತು, ಸೆಕೆಂಡ್ ಕ್ಲಾಸು. ಫಸ್ಟ್ ಬರಲಿಲ್ಲ ಎಂದು ಅಡಿಗೆಮನೆಯಲ್ಲಿ ಕೂತು ಅತ್ತಳು. “ಬಿದ್ದೆಯಾ?” ಎಂದೆ. “ಇಲ್ರಿ.” “ಹಾಗಾದರೆ ಈರುಳ್ಳಿ ಹೆಚ್ಚು, ಅಳು ವ್ಯರ್ಥ ಆಗುವುದು ಬೇಡ” ಎಂದೆ. ಹೆಚ್ಚಿದಳು. ಆಮೇಲೆ ಅವಳು ಕಲಿಸುವ ಕೆಲಸಕ್ಕೆ ಸೇರಿದಳು. ಮದುವೆ ಆಯಿತಾ ಎಂದು ಎಲ್ಲರೂ ಕೇಳುತ್ತಾರೆ. ಆಯಿತು. ಯಾರ ಜೊತೆ ಎಂಬುದು ನನ್ನ ಕೆಲಸದ ವಿಷಯವಲ್ಲ.

ನೀಲಾ ಹೋದ ವರ್ಷವೇ ಮಳೆಗಾಲದಲ್ಲಿ ಆ ಕುಂದಾಪುರದ ಹುಡುಗಿ ನಾನು ಅಕ್ಕಿ ಆರಿಸುವಲ್ಲಿಗೆ ಬಂದು ಕೂತಳು. ಮೊರಕ್ಕೆ ಕೈ ಹಾಕಿದಳು. ಅವಳೂ ಕಲ್ಲು ಬಿಟ್ಟು ಅಕ್ಕಿಯನ್ನೇ ಎಸೆಯುತ್ತಿದ್ದಳು. ನನಗೆ ಅಷ್ಟರಲ್ಲೇ ಗೊತ್ತಾಯಿತು.

“ಅಕ್ಕ, ಆನರ್ಸ್ ತೆಗೆದುಕೊಳ್ಳಲಾ?”

ನಾನು ಮೊರ ಎಳೆದುಕೊಂಡೆ. “ಅದು ನನಗೆ ಗೊತ್ತಿಲ್ಲ ಮಾರಾಯ್ತಿ” ಎಂದೆ. “ಊಟ ಸಿಗುತ್ತದೆ. ಉಳಿದದ್ದು ನೀನು ನೋಡಿಕೋ.”